ಗೋಜಿ ಪುಡಿ ಡಬ್ಬಿ ಮೇಲೆ ‘ಪಾಲಿಸ್ಯಾಕರೈಡ್ 50%’ ಅಂತಿದೆ, ಇದರಿಂದ ಏನಾದ್ರೂ ಉಪಯೋಗ ಇದೆಯಾ?

ತಿಕೋಟಾ ಸೊಸೆ:
ನಮಸ್ಕಾರ ಎಲ್ಲರಿಗೂ. ನಮ್ಮದು ವಿಜಯಪುರದ ಹತ್ತಿರ ತಿಕೋಟಾ ಕಡೆ, ದ್ರಾಕ್ಷಿ ತೋಟ. ಮನೆ ತುಂಬ ಒಣದ್ರಾಕ್ಷಿ ಇದ್ದರೂ ನಮ್ಮ ಮಾವ ಮೊನ್ನೆ ಎರಡು ಸಾವಿರ ಕೊಟ್ಟು ಗೋಜಿ ಬೆರ್ರಿ (ಚೀನಾ ಕಡೆಯ ಸಣ್ಣ ಕೆಂಪು ಹಣ್ಣು) ಪುಡಿ ತಂದಿದ್ದಾರೆ. ರೋಗನಿರೋಧಕ ಶಕ್ತಿ ಡಬಲ್ ಆಗುತ್ತೆ ಅಂತ ಮಾರಿದವನು ಹೇಳಿದನಂತೆ. ಡಬ್ಬಿ ಮೇಲೆ ದೊಡ್ಡದಾಗಿ ಪಾಲಿಸ್ಯಾಕರೈಡ್ 50% ಅಂತಿದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಅಂತಲೂ ಇದೆ. ಪಿಯುಸಿಯಲ್ಲಿ ಓದಿದ್ದು ನೆನಪಿದ್ದಷ್ಟು, ಪಾಲಿಸ್ಯಾಕರೈಡ್ ಅಂದ್ರೆ ಪಿಷ್ಟ. ಪಿಷ್ಟಕ್ಕೆ ರೊಟ್ಟಿ ಸಾಕಲ್ವಾ?

ಬಾಗಲಕೋಟೆ ಲ್ಯಾಬ್:
ಅಕ್ಕಾ, ಒಳ್ಳೇ ಪ್ರಶ್ನೆ. ನಾನು ಎರಡು ವರ್ಷದಿಂದ ಬೆಟ್ಟದ ನೆಲ್ಲಿಕಾಯಿ ಪಾಲಿಸ್ಯಾಕರೈಡ್ ಹಿಂದೆ ಬಿದ್ದಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ಪಾಲಿಸ್ಯಾಕರೈಡ್ ಅಂದ್ರೆ ಸಕ್ಕರೆ ಮಣಿಗಳ ಸರ. ಮಣಿ ಯಾವುದು ಅನ್ನೋದರಷ್ಟೇ ಪೋಣಿಸಿದ ರೀತಿಯೂ ಮುಖ್ಯ. ಜೋಳದ ಕಾಳಿನ ಪಿಷ್ಟ ಗ್ಲೂಕೋಸ್ ಸರ, ಕಣಕಿಯ (ಒಣ ದಂಟಿನ) ಸೆಲ್ಯುಲೋಸ್ ಕೂಡ ಗ್ಲೂಕೋಸ್ ಸರಾನೇ. ಒಂದರಲ್ಲಿ ಗಂಟು ಆಲ್ಫಾ, ಇನ್ನೊಂದರಲ್ಲಿ ಬೀಟಾ. ಅಷ್ಟಕ್ಕೇ ಕಾಳು ನಮಗೆ, ಕಣಕಿ ಎತ್ತಿಗೆ. ಅದನ್ನೂ ಎತ್ತು ತಾನಾಗಿ ಒಡೆಯೋದಿಲ್ಲ, ಅದರ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳು ಒಡೆಯುತ್ತವೆ.

ಗೋಜಿಯದ್ದು ಇನ್ನೂ ಸಿಕ್ಕುಸಿಕ್ಕು. ಅರಾಬಿನೋಸ್, ಗ್ಯಾಲಕ್ಟೋಸ್, ರಾಮ್ನೋಸ್, ಗ್ಯಾಲಕ್ಟುರಾನಿಕ್ ಆಮ್ಲ, ಜೊತೆಗೆ ಅಂಟಿಕೊಂಡ ಪ್ರೋಟೀನ್, ಎಲ್ಲ ಸೇರಿ ಕವಲೊಡೆದ ಗಿಡದ ಹಾಗಿರುತ್ತೆ. ನಮ್ಮ ಜಾಲಿ ಅಂಟೂ ಇದರ ದಾಯಾದಿ ಅನ್ನಬಹುದು. ಒಣಗಿದ ಗೋಜಿ ಹಣ್ಣಲ್ಲಿ ಇದು ಸುಮಾರು 5ರಿಂದ 8% ಇರುತ್ತೆ. ಹಾಗಾದ್ರೆ ನಿಮ್ಮ ಡಬ್ಬಿಯ 50% ಎಲ್ಲಿಂದ ಬಂತು? ಸಾರ ತೆಗೆದು ಗಟ್ಟಿ ಮಾಡಿರಬಹುದು. ಇಲ್ಲಾ ಮಾಲ್ಟೋಡೆಕ್ಸ್‌ಟ್ರಿನ್ನೂ ಲೆಕ್ಕಕ್ಕೆ ಸೇರಿರಬಹುದು. ಸಾಮಾನ್ಯವಾಗಿ ಅಳೆಯೋದು ಫೀನಾಲ್, ಸಲ್ಫ್ಯೂರಿಕ್ ಆಮ್ಲ ಹಾಕಿ. ಕಿತ್ತಳೆ ಹಳದಿ ಬಣ್ಣ ಬರುತ್ತೆ, ಬಣ್ಣ ಜಾಸ್ತಿ ಆದಷ್ಟೂ ಸಕ್ಕರೆ ಜಾಸ್ತಿ. ಆ ಸಕ್ಕರೆ ಗೋಜಿಯದ್ದೋ, ಪಿಷ್ಟ ಕತ್ತರಿಸಿ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್‌ದೋ ಅಂತ ಅದು ಹೇಳೋದಿಲ್ಲ.

ಇನ್ನು ರೋಗನಿರೋಧಕ ಶಕ್ತಿ. ಮ್ಯಾಕ್ರೋಫೇಜ್ ಅನ್ನೋ ಕಾವಲು ಜೀವಕೋಶಗಳ ಮೈಮೇಲಿನ ಗ್ರಾಹಕಗಳು ಸರದ ಆಕಾರ ನೋಡಿ ಎಚ್ಚರಾಗುತ್ತವೆ. ಶಿಲೀಂಧ್ರದ ಬೀಟಾ ಗ್ಲೂಕಾನ್ ಹಿಡಿಯೋಕೆ ಡೆಕ್ಟಿನ್-1 ಅಂತ ಒಂದು ಇದೆ, ಪಿಷ್ಟಕ್ಕೆ ಅದು ಕ್ಯಾರೇ ಅನ್ನಲ್ಲ. ಗೋಜಿ ಸಾರ ಹಾಕಿದಾಗ ಮ್ಯಾಕ್ರೋಫೇಜ್ ಚುರುಕಾಗೋದು ನಿಜ, ಆದ್ರೆ ಹೆಚ್ಚಿನ ಕೆಲಸ ಗಾಜಿನ ತಟ್ಟೆಯ ಜೀವಕೋಶಗಳಲ್ಲಿ, ಇಲಿಗಳಲ್ಲಿ ಆಗಿದೆ. ಮನುಷ್ಯರ ಮೇಲೆ ಆಗಿರೋದು ಸಣ್ಣ ಸಣ್ಣ ಪ್ರಯೋಗ. ಮತ್ತೆ ಇಷ್ಟು ದೊಡ್ಡ ಅಣು ನುಂಗಿದ್ರೆ ಇದ್ದ ಹಾಗೇ ರಕ್ತಕ್ಕೆ ಹೋಗೋದು ಕಷ್ಟ. ಬಹುಪಾಲು ದೊಡ್ಡ ಕರುಳಿಗೆ ಇಳಿಯುತ್ತೆ, ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ.

ನನ್ನದೇ ಒಂದು ಫಜೀತಿ ಹೇಳ್ತೀನಿ. ನೆಲ್ಲಿ ಸಾರಕ್ಕೆ ಮ್ಯಾಕ್ರೋಫೇಜ್‌ಗಳು ನೈಟ್ರಿಕ್ ಆಕ್ಸೈಡ್ ಧಾರಾಳವಾಗಿ ಬಿಟ್ಟವು, ಅವು ಎಚ್ಚರಾದ ಗುರುತು ಅದು. ಪೇಢೆ ಹಂಚಿಬಿಟ್ಟೆ. ಆಮೇಲೆ ಸೀನಿಯರ್ ಒಬ್ಬರು ಪಾಲಿಮಿಕ್ಸಿನ್-ಬಿ ಹಾಕಿ ನೋಡು ಅಂದ್ರು. ಹಾಕಿದೆ, ಎಲ್ಲಾ ಇಳಿದುಹೋಯ್ತು. ಅಂದ್ರೆ ಜೀವಕೋಶ ಎದ್ದಿದ್ದು ನೆಲ್ಲಿಗಲ್ಲ, ನನ್ನ ನೀರಲ್ಲಿದ್ದ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಅನ್ನೋ ವಿಷಕ್ಕೆ. ಪಾಲಿಮಿಕ್ಸಿನ್ ಕಟ್ಟಿಹಾಕೋದು ಅದನ್ನೇ.

ಮೊರಬ್ಬಾ ಕಾಕು, ಟಿಳಕವಾಡಿ:
ಪೇಢೆ ದಂಡ ಆಯ್ತಲ್ಲಪ್ಪಾ 😄 ಸಕ್ಕರೆ ಸರ ಕಣ್ಣಿಗೇ ಕಾಣಬೇಕಂದ್ರೆ ನಮ್ಮ ಕವಳಿ ಹಣ್ಣಿನ ಜೆಲ್ಲಿ ಮಾಡೋವಾಗ ಬನ್ನಿ. ಕುದಿಸಿ ಸೋಸಿದ ರಸ ಆರಿದ ಮೇಲೆ ಒಂದು ಚಮಚ ತಗೊಂಡು ಎರಡು ಮೂರು ಚಮಚ ಸ್ಪಿರಿಟ್ ಹಾಕ್ತೀನಿ. ಒಂದು ನಿಮಿಷಕ್ಕೆ ಲೋಳೆಯಂಥ ಗಡ್ಡೆ ಕಟ್ಟುತ್ತೆ, ಫೋರ್ಕ್‌ನಿಂದ ಎತ್ತಬಹುದು. ಅದೇ ಪೆಕ್ಟಿನ್. ಒಂದೇ ಗಡ್ಡೆ ಬಂದ್ರೆ ಜೆಲ್ಲಿ ಚೆನ್ನಾಗಿ ಕೂರುತ್ತೆ, ಚೂರುಚೂರಾದ್ರೆ ಇಲ್ಲ. ಬಾಯಿಗೆ ಮಾತ್ರ ಹಾಕಬೇಡಿ, ಚೆಲ್ಲಿಬಿಡಿ. ಅಲ್ಲಪ್ಪಾ, ಹಂಗಾದ್ರೆ ನನ್ನ ಜೆಲ್ಲಿಯೂ ಔಷಧಾನೇ?

ಬಾಗಲಕೋಟೆ ಲ್ಯಾಬ್:
ಕಾಕು, ನಮ್ಮ ಲ್ಯಾಬಲ್ಲೂ ಮೊದಲ ಹಂತ ಅದೇ! ಬಿಸಿನೀರು, ಸೋಸೋದು, ಆಲ್ಕೋಹಾಲ್. ನಾವು ಆಮೇಲೆ ಪ್ರೋಟೀನ್ ತೆಗೆದು, ಕಾಲಮ್‌ನಲ್ಲಿ ಬೇರ್ಪಡಿಸಿ, ಎನ್‌ಎಂಆರ್ ಅನ್ನೋ ಯಂತ್ರದಲ್ಲಿ ಮಣಿಗಳ ಗಂಟು ನೋಡ್ತೀವಿ, ಅಷ್ಟೇ. ಜೆಲ್ಲಿ ಔಷಧ ಅಲ್ಲ. ನೀವು ಹಾಕೋ ಸಕ್ಕರೆ ನೆನೆಸಿಕೊಳ್ಳಿ.

ತಿಕೋಟಾ ಸೊಸೆ:
ಕಣಕಿ ಉದಾಹರಣೆಯಿಂದ ಈಗ ತಲೆಗೆ ಹೋಯ್ತು. ಮಾವನಿಗೆ ಹೇಳಿದ್ರೆ, ಹಣ್ಣು ತಾನೇ, ಏನಾಗುತ್ತೆ, ದುಡ್ಡು ಕೊಟ್ಟಿದ್ದೀನಿ ಮುಗಿಸ್ತೀನಿ ಅಂತಾರೆ. ಹಾರ್ಟ್ ವಾಲ್ವ್ ಬದಲಿಸಿದಾಗಿನಿಂದ ರಕ್ತ ತೆಳ್ಳಗಾಗೋ ಗುಳಿಗೆ ತಗೋತಾರೆ, ವಾರ್ಫರಿನ್. ಬೇರೆ ಏನೂ ತೊಂದರೆ ಇಲ್ಲ.

ಗುಳಿಗೆ ಅಂಗಡಿ, ಜಮಖಂಡಿ:
ತಂಗೀ, ಇದನ್ನ ಮೊದಲೇ ಹೇಳಬೇಕಿತ್ತು! ಪುಡಿ ಇವತ್ತೇ ನಿಲ್ಲಿಸಿ. ವಾರ್ಫರಿನ್ ತಗೊಳ್ಳೋರು ಗೋಜಿ ಚಹಾ, ರಸ ಕುಡಿದು ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋ ಅಳತೆ) ಏರಿ, ಕೆಲವರಿಗೆ ರಕ್ತಸ್ರಾವ ಆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ವಾರ್ಫರಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ವಾಲ್ವ್ ಇದ್ದವರಿಗೆ ಅದು ಇನ್ನೂ ಅಪಾಯ. ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಐಎನ್‌ಆರ್ ಮಾಡಿಸಿ. ಒಸಡಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಕಪ್ಪು ಮಲ ಇದ್ದರೆ ಫೋನ್ ಗೀನ್ ಅಂತ ಕಾಯದೆ ಸೀದಾ ಆಸ್ಪತ್ರೆಗೆ ಹೋಗಿ.

ಮೊರಬ್ಬಾ ಕಾಕು, ಟಿಳಕವಾಡಿ:
ಹೆಸರಲ್ಲೇ ಇದೆಯಲ್ಲಾ, ಆ ಗೋಜಿಗೇ ಹೋಗಬೇಡಿ ಅಂತ ಹೇಳು ನಿಮ್ಮ ಮಾವನಿಗೆ.

ತಿಕೋಟಾ ಸೊಸೆ:
ಐಎನ್‌ಆರ್ 4.6 ಬಂತು. ಎರಡರಿಂದ ಮೂರರೊಳಗೆ ಇರ್ತಿತ್ತು. ಇವತ್ತಿನ ಗುಳಿಗೆ ಬಿಡಿ, ನಾಡಿದ್ದು ಮತ್ತೆ ರಕ್ತ ಕೊಡಿ ಅಂದಿದ್ದಾರೆ ಡಾಕ್ಟರು. ಬೆಳಿಗ್ಗೆ ಹಲ್ಲುಜ್ಜೋವಾಗ ರಕ್ತ ಬರ್ತಿತ್ತಂತೆ, ನಾಲ್ಕು ದಿನದಿಂದ ಯಾರಿಗೂ ಹೇಳಿರಲಿಲ್ಲ.