ಸಹಾಯ ಬೇಕು: ಫ್ಯಾರನ್‌ಹೀಟ್ ಕೊಳ್ಳಲೋ, ಸ್ಪೈಸ್‌ಬಾಂಬ್ ಕೊಳ್ಳಲೋ?

ಎಲ್ಲರಿಗೂ ನಮಸ್ಕಾರ. ದಿನನಿತ್ಯ ಬಳಸಲು ಗಾಢವಾದ ಒಂದು ಸುಗಂಧವನ್ನು ಕೊಳ್ಳಬೇಕೆಂದಿರುವ ನಾನು, 1988ರಲ್ಲಿ ಬಂದ ಡಿಯೋರ್‌ನ ಫ್ಯಾರನ್‌ಹೀಟ್ ಮತ್ತು 2012ರಲ್ಲಿ ಬಂದ ವಿಕ್ಟರ್ ಅಂಡ್ ರಾಲ್ಫ್‌ನ ಸ್ಪೈಸ್‌ಬಾಂಬ್‌ಗಳ ನಡುವೆ ಯಾವುದೆಂದು ತೀರ್ಮಾನಿಸಲಾಗದೆ ನಿಮ್ಮ ಅನುಭವವನ್ನು ಕೇಳುತ್ತಿದ್ದೇನೆ.

ಅಂಗಡಿಯಲ್ಲಿ ಸುಗಂಧ ಸಿಂಪಡಿಸಿ ಕೊಡುವ ಕಾಗದದ ಪಟ್ಟಿಯನ್ನು ಮೂಸಿ ನಿರ್ಧರಿಸುವುದು ಸರಿಯಲ್ಲವೆಂದು, ಎರಡನ್ನೂ ಒಂದೊಂದು ಮಣಿಕಟ್ಟಿಗೆ ಹಾಕಿಕೊಂಡು ಇಡೀ ದಿನ ಗಮನಿಸಿದೆ. ಫ್ಯಾರನ್‌ಹೀಟ್ ಮೊದಲ ಹತ್ತು ನಿಮಿಷ ಪೆಟ್ರೋಲಿನಂತೆ ಮೂಗಿಗೆ ಬಡಿಯಿತು. ಆಮೇಲೆ ಆ ಘಾಟು ಇಳಿದು, ವಯೊಲೆಟ್ ಎಂಬ ಹೂಗಿಡದ ಎಲೆಯ ಹಸಿರು ಕಂಪಿನೊಡನೆ ಹಳೆಯ ಚರ್ಮದ ಚೀಲವನ್ನು ತೆರೆದಾಗಿನ ವಾಸನೆ ಬೆರೆತು, ಸಂಜೆ ಅಂಗಿ ಬಿಚ್ಚುವಾಗಲೂ ತೋಳಿನ ಅಂಚಿನಲ್ಲಿ ಉಳಿದಿತ್ತು. ಸ್ಪೈಸ್‌ಬಾಂಬ್ ಮಾತ್ರ ದಾಲ್ಚಿನ್ನಿ ಮತ್ತು ತಂಬಾಕಿನ ಬೆಚ್ಚನೆಯ ಸಿಹಿಯಿಂದ ಮೊದಲ ಕ್ಷಣಕ್ಕೇ ಹಿಡಿಸಿತು.

ಮನಸ್ಸು ಫ್ಯಾರನ್‌ಹೀಟ್ ಕಡೆಗೇ ವಾಲುತ್ತಿದೆ. ಆದರೆ ಮುಚ್ಚಿದ ಕೋಣೆಯಲ್ಲಿ ಹಲವರೊಂದಿಗೆ ಕುಳಿತು ಕೆಲಸ ಮಾಡುವವನಾದ್ದರಿಂದ, ಪಕ್ಕದವರಿಗೆ ತಲೆನೋವು ತರುವುದು ನನಗೆ ಖಂಡಿತ ಬೇಡ. ಇವನ್ನು ವರ್ಷಗಟ್ಟಲೆ ಬಳಸಿದವರು, ಬೇಸಿಗೆಯ ಬೆವರಿನಲ್ಲಿ ಯಾವುದು ಹೆಚ್ಚು ಕಟುವಾಗುತ್ತದೆ, ಫ್ಯಾರನ್‌ಹೀಟನ್ನು ಒಂದೇ ಸಲ ಎದೆಗೆ ಸಿಂಪಡಿಸಿಕೊಂಡು ಮೇಲೆ ಅಂಗಿ ತೊಟ್ಟರೆ ಘಾಟು ತಗ್ಗುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.