ಫ್ಯಾನ್ ಫಿಕ್ಷನ್‌ನಿಂದ ಸ್ವಂತ ಕಾದಂಬರಿಗೆ: ಹೆಸರು ಬದಲಾಯಿಸಿದರೆ ಸಾಕಾ?

ನಡುರಾತ್ರಿಬರಹ:

ಎಲ್ಲರಿಗೂ ನಮಸ್ಕಾರ. ತುಂಬಾ ವರ್ಷಗಳಿಂದ ಒಂದು ಫ್ಯಾಂಟಸಿ ಸರಣಿಯ ಫ್ಯಾನ್ ಫಿಕ್ಷನ್ ಬರೆಯುತ್ತಿದ್ದೇನೆ, ಅಂದರೆ ಆ ಸರಣಿಯ ಪಾತ್ರಗಳನ್ನೇ ಇಟ್ಟುಕೊಂಡು ಅಭಿಮಾನಿಯಾಗಿ ಬರೆಯುವ ಕಥೆಗಳು. ಅದರಲ್ಲಿ ಒಂದು ಕಥೆ ಬೆಳೆದು ಬೆಳೆದು ಎರಡು ಲಕ್ಷ ಪದ ದಾಟಿದೆ. ಮೂಲ ಸರಣಿಯ ಲೋಕ ಅದರಲ್ಲಿ ಹೆಚ್ಚೇನೂ ಇಲ್ಲ. ಮಾಟ ಇಲ್ಲ, ಯುದ್ಧ ಇಲ್ಲ. ಆ ಇಬ್ಬರು ಮುಖ್ಯ ಪಾತ್ರಗಳನ್ನು ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಡಾಕ್ಟರ್‌ಗಳನ್ನಾಗಿ ಮಾಡಿಕೊಂಡು ಬರೆದಿದ್ದೇನೆ, ಎಯು (ಆಲ್ಟರ್ನೇಟ್ ಯೂನಿವರ್ಸ್, ಅದೇ ಪಾತ್ರಗಳು ಬೇರೆ ಲೋಕದಲ್ಲಿ) ಅಂತೀವಲ್ಲ, ಆ ಥರ. ಓದುಗರು ಪ್ರತಿ ಅಧ್ಯಾಯಕ್ಕೂ ಬಂದು ಇದನ್ನು ಪುಸ್ತಕ ಮಾಡಿ ಅಂತಾರೆ. ಈಗ ನನಗೂ ಮಾಡಬೇಕು ಅನ್ನಿಸಿದೆ, ಬರವಣಿಗೆಯನ್ನೇ ಕೆಲಸ ಮಾಡಿಕೊಳ್ಳಬೇಕು ಅನ್ನುವ ಆಸೆ ಗಟ್ಟಿಯಾಗಿದೆ.

ಕೇಳಬೇಕಾಗಿರುವುದು ಇಷ್ಟು. ಪಾತ್ರಗಳ ಹೆಸರು ಬದಲಾಯಿಸಿದರೆ ಸಾಕಾ, ಇಲ್ಲಾ ಮುಂದೆ ಯಾರಾದರೂ ಕೇಸ್ ಹಾಕಬಹುದಾ? ಈಗ ನೆಟ್‌ನಲ್ಲಿರುವುದನ್ನು ತೆಗೆದುಬಿಡಬೇಕಾ? ಫ್ಯಾನ್ ಫಿಕ್ಷನ್‌ನಿಂದ ಬಂದವರು ಅಂದರೆ ಪ್ರಕಾಶಕರು ಮೂಗು ಮುರಿಯುತ್ತಾರಾ? ಇವೆಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ಬೇರೆ. ಪೂರ್ತಿ ಸ್ವಂತದ್ದೇನಾದರೂ ಬರೆಯೋಣ ಅಂತ ಕೂತರೆ ಮೊದಲ ಪುಟವೇ ಸಪ್ಪೆಯಾಗುತ್ತದೆ. ಅದೇ ಕೈ, ಅದೇ ಭಾಷೆ, ಆದರೆ ಜೀವ ಇರುವುದಿಲ್ಲ. ಇದು ಯಾಕೆ ಹೀಗೆ, ಯಾರಿಗಾದರೂ ಗೊತ್ತಾ?

ಅಡ್ಡಗೆರೆ:

ಹಕ್ಕಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಸುಮ್ನೆ ಹೆದರುವವರೂ ಇದ್ದಾರೆ, ಸ್ವಲ್ಪವೂ ಯೋಚಿಸದೆ ಮುಂದೆ ಹೋಗುವವರೂ ಇದ್ದಾರೆ.

ಕಾಪಿರೈಟ್ ಬರೀ ಐಡಿಯಾಕ್ಕೆ ಸಿಗುವುದಿಲ್ಲ, ಅದನ್ನು ಬರೆದ ರೂಪಕ್ಕೆ ಸಿಗುತ್ತದೆ. ಮುಂಗೋಪಿ ಡಾಕ್ಟರ್, ಅವನನ್ನು ಸಹಿಸಿಕೊಳ್ಳುವ ಜೊತೆಗಾರ್ತಿ, ಜಗಳದಿಂದ ಶುರುವಾಗಿ ಪ್ರೀತಿಗೆ ತಿರುಗುವ ಕಥೆ, ಇವು ಯಾರ ಸ್ವತ್ತೂ ಅಲ್ಲ. ಆದರೆ ಚೆನ್ನಾಗಿ ರೂಪುಗೊಂಡ ಪಾತ್ರ, ಅದರ ಹೆಸರು, ಹಿಂದಿನ ಕಥೆ, ಗುರುತಿನ ಮಾತುಗಳು, ಅದು ಬದುಕುವ ಲೋಕ ಎಲ್ಲ ಸೇರಿದಾಗ ಅದು ಮೂಲ ಲೇಖಕರದ್ದು. ಹಾಗಾಗಿ ಹೆಸರೊಂದನ್ನೇ ಬದಲಾಯಿಸಿ ಹಣೆಯ ಮೇಲಿನ ಗಾಯ, ಸತ್ತ ಅಣ್ಣ, ಸಾಕಿದ ಗೂಬೆ ಎಲ್ಲವನ್ನೂ ಹಾಗೇ ಉಳಿಸಿಕೊಂಡರೆ ಸಾಲದು. ನಿಮ್ಮದು ಎಯು ಆಗಿರುವುದರಿಂದ ದಾರಿ ಸಲೀಸು. ಅಲಿ ಹೇಜಲ್‌ವುಡ್ ಅವರ 2021ರ 'ದಿ ಲವ್ ಹೈಪಾಥಿಸಿಸ್' ಅಂತರಿಕ್ಷದ ಸಿನಿಮಾ ಸರಣಿ ಸ್ಟಾರ್ ವಾರ್ಸ್‌ನ ಜೋಡಿಯೊಂದರ ಫ್ಯಾನ್ ಫಿಕ್ಷನ್ ಆಗಿ ಹುಟ್ಟಿದ್ದು. ಅದು ನಡೆಯುವುದು ವಿಶ್ವವಿದ್ಯಾಲಯದ ಜೀವಶಾಸ್ತ್ರ ವಿಭಾಗದಲ್ಲಿ. ಅಂತರಿಕ್ಷ ನೌಕೆಯ ಮಾತೇ ಇಲ್ಲದ ಕಡೆ ಮೂಲವನ್ನು ಬಿಡಿಸಿಕೊಳ್ಳುವುದು ಅಷ್ಟು ಕಷ್ಟ ಅಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆಯೂ ಇದೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಅವರ ಲೋಕವನ್ನೇ ಇಟ್ಟುಕೊಂಡು ಮುಂದಿನ ಭಾಗ ಅಂತ ಪುಸ್ತಕ ಮಾರಿದ ಅಮೆರಿಕದ ಲೇಖಕರೊಬ್ಬರು 2023ರಲ್ಲಿ ಟೋಲ್ಕಿನ್ ಎಸ್ಟೇಟ್ (ಅವರ ಕೃತಿಗಳ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಮೇಲೆಯೇ ಮೊಕದ್ದಮೆ ಹೂಡಿದರು. ತಮ್ಮ ಪುಸ್ತಕದಿಂದ ಕದ್ದು ಟಿವಿ ಸರಣಿ ಮಾಡಿದ್ದಾರೆ ಅನ್ನುವುದು ಅವರ ವಾದ. ಅವರು ಸೋತರು. ಅಷ್ಟೇ ಅಲ್ಲ, ಪುಸ್ತಕದ ಪ್ರತಿಗಳನ್ನೆಲ್ಲ ನಾಶ ಮಾಡಬೇಕು ಅಂತ ಅದೇ ವರ್ಷ ಕೋರ್ಟ್ ಹೇಳಿತು. ದುಡ್ಡಿಲ್ಲದೆ ಹಂಚಿಕೊಳ್ಳುವವರೆಗೆ ಎಷ್ಟೋ ಹಕ್ಕುದಾರರು ಕಣ್ಣು ಮುಚ್ಚಿಕೊಂಡಿರುತ್ತಾರೆ. ಬೆಲೆ ಹಾಕಿದ ಕೂಡಲೇ ಲೆಕ್ಕ ಬದಲಾಗುತ್ತದೆ.

ಇನ್ನು ನೆಟ್‌ನಿಂದ ತೆಗೆಯುವುದು. ಸಾಮಾನ್ಯವಾಗಿ ಪ್ರಕಾಶಕರು ತೆಗೆಯಿರಿ ಅಂತಲೇ ಹೇಳುತ್ತಾರೆ. ನಿಮ್ಮ ಕಥೆ ಆರ್ಕೈವ್ ಆಫ್ ಅವರ್ ಓನ್ ಅನ್ನುವ ಫ್ಯಾನ್ ಫಿಕ್ಷನ್ ತಾಣದಲ್ಲಿದ್ದರೆ ಒಂದು ಎಚ್ಚರಿಕೆ. ಅಲ್ಲಿ 'ಆರ್ಫನ್' ಅನ್ನುವ ಆಯ್ಕೆ ಇದೆ, ಅದನ್ನು ಒತ್ತಿದರೆ ಕಥೆ ಅಲ್ಲೇ ಉಳಿಯುತ್ತದೆ, ನಿಮ್ಮ ಹೆಸರು ಮತ್ತು ಹಿಡಿತ ಎರಡೂ ಹೋಗುತ್ತವೆ. ಮತ್ತೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ, ಅಳಿಸಲೂ ಆಗುವುದಿಲ್ಲ. ಪುಸ್ತಕ ಮಾಡುವ ಯೋಚನೆ ಇರುವವರು ಅದನ್ನು ಮುಟ್ಟಲೇಬಾರದು. ಪುಸ್ತಕ ಕೊಳ್ಳಿ, ದುಡ್ಡು ಕಳಿಸಿ ಅಂತ ಅಲ್ಲಿ ಲಿಂಕ್ ಹಾಕುವುದಕ್ಕೂ ಅವಕಾಶ ಇಲ್ಲ, ಅದು ಲಾಭಕ್ಕಲ್ಲದ ಜಾಗ. ಅಳಿಸಿದ ಮೇಲೂ ಓದುಗರು ಇಳಿಸಿಕೊಂಡ ಪ್ರತಿಗಳು ಓಡಾಡುತ್ತಲೇ ಇರುತ್ತವೆ, ಅದಕ್ಕೆ ಯಾರೂ ಏನೂ ಮಾಡಲಾಗದು. ಹಾಗಾಗಿ ಏಜೆಂಟ್ (ಲೇಖಕರ ಪರವಾಗಿ ಪ್ರಕಾಶಕರ ಜೊತೆ ವ್ಯವಹರಿಸುವವರು) ಆಗಲಿ ಸಂಪಾದಕರಾಗಲಿ, ಅವರಿಗೆ ಮೊದಲೇ ಹೇಳಿಬಿಡಿ. ಕರಾರಿನಲ್ಲಿ ಇದು ನನ್ನ ಸ್ವಂತ ಕೃತಿ, ಬೇರೆಯವರ ಹಕ್ಕಿಗೆ ಧಕ್ಕೆ ಇಲ್ಲ ಅಂತ ನೀವೇ ಸಹಿ ಹಾಕಬೇಕಾಗುತ್ತದೆ. ಆಮೇಲೆ ತಕರಾರು ಬಂದರೆ ಹೊಣೆ ನಿಮ್ಮ ತಲೆ ಮೇಲೆ.

ಮಸಿಕುಡಿಕೆ:

ನಿಮ್ಮ ಕೊನೆಯ ಪ್ರಶ್ನೆ ಓದಿ ಉತ್ತರ ಬರೆಯದೆ ಇರಲು ಆಗಲಿಲ್ಲ. ಅದೇ ನಿಜವಾದ ಪ್ರಶ್ನೆ, ಉಳಿದವಕ್ಕೆಲ್ಲ ವಕೀಲರೋ ಏಜೆಂಟೋ ಉತ್ತರ ಕೊಡುತ್ತಾರೆ.

ಫ್ಯಾನ್ ಫಿಕ್ಷನ್ ಓದುವವರು ಪ್ರೀತಿಯನ್ನು ಜೊತೆಗೇ ತಂದಿರುತ್ತಾರೆ. 'ಅವನು ಬಾಗಿಲು ತಳ್ಳಿಕೊಂಡು ಒಳಗೆ ಬಂದ' ಅಂತ ನೀವು ಬರೆದರೆ ಸಾಕು, ಅವರ ಎದೆ ಬಡಿದುಕೊಳ್ಳುತ್ತದೆ, ಯಾಕೆಂದರೆ ಅವನು ಯಾರು, ಏನು ಕಳೆದುಕೊಂಡಿದ್ದಾನೆ, ಅವಳ ಮುಂದೆ ಯಾಕೆ ತಲೆ ತಗ್ಗಿಸುತ್ತಾನೆ ಎಲ್ಲ ಅವರಿಗೆ ಗೊತ್ತು. ಸ್ವಂತ ಕಥೆಯಲ್ಲಿ ಅದೇ ವಾಕ್ಯಕ್ಕೆ ಓದುಗ ಕೇಳುವುದು ಒಂದೇ: ಯಾರಪ್ಪ ಇವನು? ನಿಮ್ಮ ಕೈ ಸೋತಿಲ್ಲ. ಅಪರಿಚಿತನೊಬ್ಬನನ್ನು ಓದುಗನಿಗೆ ಬೇಕಾದವನನ್ನಾಗಿ ಮಾಡುವ ಕೆಲಸವನ್ನು ಇಷ್ಟು ದಿನ ಬೇರೆಯವರು ಮಾಡಿಟ್ಟಿದ್ದರು, ಅಷ್ಟೇ. ಆ ಕೆಲಸ ಈಗ ನಿಮ್ಮ ಪಾಲಿಗೆ ಬಂದಿದೆ.

ಇಷ್ಟು ವರ್ಷ ಕಲಿತದ್ದು ಚಿಕ್ಕದು ಅಂತ ಮಾತ್ರ ಅಂದುಕೊಳ್ಳಬೇಡಿ. ಎರಡು ಲಕ್ಷ ಪದಗಳ ಕಥೆಯನ್ನು ಬಿಡದೆ ಎಳೆದುಕೊಂಡು ಬರುವುದು, ಇಬ್ಬರ ಮಧ್ಯೆ ಮಾತು ಬೆಳೆಸುವುದು, ಒಂದು ಸ್ಪರ್ಶಕ್ಕೆ ಹದಿನೈದು ಅಧ್ಯಾಯ ಕಾಯಿಸುವುದು, ಬೀಟಾ ಓದಿದವರು (ಹಾಕುವ ಮೊದಲೇ ಕರಡು ಓದಿ ಅಭಿಪ್ರಾಯ ಹೇಳುವವರು) ಇದು ಹಿಡಿಸಲಿಲ್ಲ ಅಂದಾಗ ಮತ್ತೆ ಬರೆಯುವುದು, ಇದೆಲ್ಲ ಮೊದಲ ಕಾದಂಬರಿಗೆ ಕೈ ಹಾಕುವ ಎಷ್ಟೋ ಜನರಿಗೆ ಬಂದಿರುವುದಿಲ್ಲ. ಕಡಿಮೆ ಇರುವುದು ಬೇರೆ ಕಡೆ. ಪಾತ್ರದ ಪರಿಚಯ. ಪಕ್ಕದ ಪಾತ್ರಗಳು. ಇವರಿಬ್ಬರೂ ಸೇರದೆ ಇರಲು ಕಾರಣ. ಇವೆಲ್ಲ ಕ್ಯಾನನ್‌ನಿಂದ, ಅಂದರೆ ಮೂಲ ಸರಣಿಯ ಕಥೆಯಿಂದ, ಬಿಟ್ಟಿಯಾಗಿ ಬರುತ್ತಿದ್ದವು.

ಒಂದು ಕೆಲಸ ಮಾಡಿ. ಆ ಸರಣಿಯ ಗಂಧಗಾಳಿ ಇಲ್ಲದ ಒಬ್ಬರಿಗೆ ಹೆಸರು ಬದಲಾಯಿಸಿದ ಮೊದಲ ಮೂರು ಅಧ್ಯಾಯ ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಇವನು ಯಾಕೆ ಹೀಗೆ ಆಡುತ್ತಾನೆ ಅನ್ನಿಸಿತು ಅಂತ ಕೇಳಿ. ಅವರು ತಡವರಿಸುವ ಜಾಗದಲ್ಲೆಲ್ಲ ಹಳೆಯ ಕ್ಯಾನನ್ ಅಡಿಯಲ್ಲಿ ಕೂತಿರುತ್ತದೆ. ಮೂಲ ಸರಣಿಯಲ್ಲಿ ನಿಮ್ಮ ನಾಯಕ ಯುದ್ಧದಲ್ಲಿ ಗೆಳೆಯನನ್ನು ಬಿಟ್ಟು ಓಡಿಬಂದವನು ಅಂತಿಟ್ಟುಕೊಳ್ಳಿ. ನಿಮ್ಮ ಆಸ್ಪತ್ರೆಯಲ್ಲಿ ಯುದ್ಧ ಇಲ್ಲ, ಆದರೆ ಅವನ ತಪ್ಪಿತಸ್ಥ ಭಾವನೆ ಮಾತ್ರ ಉಳಿದುಬಿಟ್ಟಿದೆ. ಹೊಸ ಓದುಗನಿಗೆ ಅವನು ಕಾರಣವಿಲ್ಲದೆ ಮುಖ ಗಂಟು ಹಾಕಿಕೊಂಡ ಮನುಷ್ಯ. ಈಗ ಅದಕ್ಕೆ ಆಸ್ಪತ್ರೆಯದ್ದೇ ಕಾರಣ ಹುಡುಕಿ. ಒಂದು ರಾತ್ರಿ ಪಾಳಿಯಲ್ಲಿ ಅವನು ಫೋನ್ ಎತ್ತಲಿಲ್ಲ, ಆ ಕರೆ ಮಾಡಿದ್ದು ಅವಳೇ. ಆಗ ನೋಡಿ, ಅವರು ಮೊದಲು ಎದುರಾಗುವ ದೃಶ್ಯ ಹಳೆಯ ಥರ ಇರಲು ಸಾಧ್ಯವೇ ಇಲ್ಲ. ಅವಳಿಗೆ ಅದು ಗೊತ್ತಾ, ಗೊತ್ತಿದ್ದೂ ಸುಮ್ಮನಿದ್ದಾಳಾ? ಕಾರಣ ಬದಲಾದರೆ ದೃಶ್ಯ ಬದಲಾಗುತ್ತದೆ, ಮುಂದಿನ ದೃಶ್ಯವೂ ಬದಲಾಗುತ್ತದೆ. ಹಾಗೆ ಐವತ್ತು ಪುಟ ಹೋದ ಮೇಲೆ ಅದು ನಿಜಕ್ಕೂ ನಿಮ್ಮದೇ ಕಥೆ ಆಗಿರುತ್ತದೆ, ಅಡ್ಡಗೆರೆ ಅವರು ಹೇಳಿದ ಹಕ್ಕಿನ ತಲೆನೋವೂ ಮುಕ್ಕಾಲು ಪಾಲು ತಾನಾಗಿ ಇಳಿದಿರುತ್ತದೆ.

ಉದ್ದದ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಪ್ರಕಾಶನದಲ್ಲಿ ಹೊಸಬರ ಕಾದಂಬರಿ ಎಂಬತ್ತು ಸಾವಿರದಿಂದ ಒಂದು ಲಕ್ಷ ಪದದ ಒಳಗಿರಲಿ ಅಂತ ಬಯಸುತ್ತಾರೆ. ಎರಡು ಲಕ್ಷವನ್ನು ಅಲ್ಲಿಗೆ ಇಳಿಸಲು ವಾಕ್ಯ ಕತ್ತರಿಸಿದರೆ ಆಗುವುದಿಲ್ಲ, ಒಂದೆರಡು ಎಳೆಗಳನ್ನೇ ಪೂರ್ತಿ ತೆಗೆಯಬೇಕು. ವಾರಕ್ಕೊಂದು ಅಧ್ಯಾಯ ಹಾಕುವಾಗ ಪ್ರತಿಯೊಂದರ ಕೊನೆಯಲ್ಲೂ ಒಂದು ಜರ್ಕ್ ಬೇಕು, ಮುಂದಿನದರ ಶುರುವಿನಲ್ಲಿ ಹಿಂದೆ ನಡೆದದ್ದನ್ನು ನೆನಪಿಸಬೇಕು. ಪುಸ್ತಕವಾಗಿ ಒಟ್ಟಿಗೆ ಓದುವವರಿಗೆ ಅದೇ ಸುಸ್ತು ಮಾಡುತ್ತದೆ.

ಹೊಸಪುಟ:

ನನ್ನದು ಬೇರೆ ಅಭಿಪ್ರಾಯ. ಆ ಕಥೆಯನ್ನು ಅಲ್ಲೇ ಬಿಡಿ, ಹೊಸದು ಬರೆಯಿರಿ.

ಎಲ್ಲರೂ ಮಾತಾಡುವುದು ಹಳೆಯದನ್ನು ಮಾರ್ಪಡಿಸಿ ಗೆದ್ದವರ ಬಗ್ಗೆ. ಇ. ಎಲ್. ಜೇಮ್ಸ್ 2011ರಲ್ಲಿ ಟ್ವೈಲೈಟ್ ಅನ್ನುವ ಕಾದಂಬರಿ ಸರಣಿಯ ಫ್ಯಾನ್ ಫಿಕ್ಷನ್ ಒಂದನ್ನು ಹೆಸರು ಬದಲಾಯಿಸಿ ಪುಸ್ತಕ ಮಾಡಿದರು, ಅನ್ನಾ ಟಾಡ್ 2013ರಲ್ಲಿ ವಾಟ್‌ಪ್ಯಾಡ್ ಅನ್ನುವ ಕಥೆಗಳ ತಾಣದಲ್ಲಿ ಒಂದು ಹುಡುಗರ ಬ್ಯಾಂಡ್ ಬಗ್ಗೆ ಬರೆಯಲು ಶುರುಮಾಡಿ ಮುಂದಿನ ವರ್ಷವೇ ದೊಡ್ಡ ಪ್ರಕಾಶಕರಿಂದ ಪುಸ್ತಕ ತಂದರು. ಆ ಎರಡು ಹೆಸರು ಬಂದ ಕೂಡಲೇ ಎಲ್ಲರಿಗೂ ತಮ್ಮ ಹಳೆಯ ಕಥೆಯ ಮೇಲೆ ಕಣ್ಣು. ಆದರೆ ನವೋಮಿ ನೋವಿಕ್ ಅವರನ್ನು ನೋಡಿ. ಫ್ಯಾನ್ ಫಿಕ್ಷನ್ ಬರೆದು ಕೈ ಪಳಗಿಸಿಕೊಂಡು, 2006ರಲ್ಲಿ ಪೂರ್ತಿ ಹೊಸದೊಂದು ಸರಣಿ ತಂದರು, ಆಮೇಲೆ ಫ್ಯಾಂಟಸಿ, ವೈಜ್ಞಾನಿಕ ಕಥೆಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿಯನ್ನೂ ಪಡೆದರು. ಫ್ಯಾನ್ ಫಿಕ್ಷನ್ ಬಿಡಲೂ ಇಲ್ಲ. ಮೇಲೆ ಹೇಳಿದ ಆರ್ಕೈವ್ ನಡೆಸುವ ಸಂಸ್ಥೆ ಕಟ್ಟಿದವರಲ್ಲಿ ಅವರೂ ಒಬ್ಬರು. ಆ ಆರ್ಕೈವ್‌ಗೇ 2019ರಲ್ಲಿ ಅದೇ ಕ್ಷೇತ್ರದ ಹ್ಯೂಗೋ ಪ್ರಶಸ್ತಿ ಬಂತು, ಹಾಗಾಗಿ ಪ್ರಕಾಶಕರು ಮೂಗು ಮುರಿಯುವ ಕಾಲ ಬಹುಮಟ್ಟಿಗೆ ಹೋಯಿತು ಅಂತ ನಾನು ನಂಬುತ್ತೇನೆ. ಈಗ ಸಂಪಾದಕರೇ ಅಲ್ಲಿ ಬಂದು ಹುಡುಕುತ್ತಾರೆ. 2025ರಲ್ಲಿ ಹ್ಯಾರಿ ಪಾಟರ್ ಫ್ಯಾನ್ ಫಿಕ್ಷನ್‌ನಿಂದ ಬಂದ ಮೂವರ ಕಾದಂಬರಿಗಳನ್ನು ದೊಡ್ಡ ಪ್ರಕಾಶಕರೇ ತಂದರು.

ನನ್ನ ಚಿಂತೆ ನಿಮ್ಮ ಓದುಗರ ಬಗ್ಗೆ. ಅವರು ಬೆಳಗಿನ ಜಾವ ಎದ್ದು ಉದ್ದುದ್ದ ಕಾಮೆಂಟ್ ಬರೆದಿದ್ದಾರೆ, ತಪ್ಪು ತಿದ್ದಿದ್ದಾರೆ, ಯಾರೋ ಚಿತ್ರ ಬರೆದುಕೊಟ್ಟಿರಬಹುದು. ಒಂದು ದಿನ ಹೇಳದೆ ಕೇಳದೆ ಅದನ್ನು ಅಳಿಸಿ, ಆರು ತಿಂಗಳ ಮೇಲೆ ಬೆಲೆ ಹಾಕಿ ತಂದರೆ ಕೆಲವರಿಗೆ ನೋವಾಗುತ್ತದೆ. ಅದು ಸಣ್ಣ ವಿಷಯ ಅಲ್ಲ. ತೆಗೆಯಲೇಬೇಕಾದರೆ ಮುಂಚೆ ತಿಳಿಸಿ, ಯಾಕೆ ಅಂತ ಹೇಳಿ, ನೆರವಾದವರಿಗೆ ಪುಸ್ತಕದಲ್ಲಿ ಕೃತಜ್ಞತೆ ಹೇಳಿ.

ಇನ್ನೊಂದು, ಕಾಮೆಂಟ್ ಇಲ್ಲದ ಬರವಣಿಗೆಗೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಅಧ್ಯಾಯ ಹಾಕಿದ ಗಂಟೆಯೊಳಗೆ ಹೊಗಳಿಕೆ ಬರುವ ಅಭ್ಯಾಸ ಆದವರಿಗೆ, ಒಂದು ವರ್ಷ ಒಬ್ಬರೂ ಓದದ ಹಸ್ತಪ್ರತಿ ಜೊತೆ ಕೂರುವುದು ತುಂಬಾ ಕಷ್ಟ. ಎಷ್ಟೋ ಒಳ್ಳೆಯ ಬರಹಗಾರರು ನಿಂತುಹೋಗುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ.

ಅಡ್ಡಗೆರೆ:

ದುಡ್ಡಿನ ವಿಷಯ ಬಿಟ್ಟುಹೋಯಿತು. ಏಜೆಂಟ್ ಮುಂಗಡವಾಗಿ ಓದುವ ಶುಲ್ಕ, ತಿದ್ದುವ ಶುಲ್ಕ ಅಂತ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸರಿಯಾದ ಏಜೆಂಟ್ ನಿಮಗೆ ಬಂದ ದುಡ್ಡಿನಲ್ಲಿ ಸಾಮಾನ್ಯವಾಗಿ 15% ತೆಗೆದುಕೊಳ್ಳುತ್ತಾರೆ, ಪುಸ್ತಕ ಮಾರಾಟವಾಗದಿದ್ದರೆ ಅವರಿಗೂ ಏನೂ ಇಲ್ಲ. ಅಡ್ವಾನ್ಸ್ ಅಂದರೆ ಮುಂದೆ ಬರುವ ರಾಯಲ್ಟಿಯನ್ನೇ ಮೊದಲು ಕೊಡುವುದು. ಆ ಮೊತ್ತ ತೀರುವವರೆಗೆ ಬೇರೆ ರಾಯಲ್ಟಿ ಬರುವುದಿಲ್ಲ. ಅದನ್ನು ನಂಬಿ ಈಗಿನ ಕೆಲಸ ಬಿಡಬೇಡಿ. ಪುಸ್ತಕ ಅಚ್ಚಿನಲ್ಲಿಲ್ಲದೆ ಹೋದರೆ ಹಕ್ಕು ನಿಮಗೆ ವಾಪಸ್ ಬರುವ ಷರತ್ತು ಕರಾರಿನಲ್ಲಿ ಇದೆಯಾ ಅಂತಲೂ ನೋಡಿ.

ನಡುರಾತ್ರಿಬರಹ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಮಸಿಕುಡಿಕೆ ಅವರೇ, ಆ ಫೋನ್ ಕರೆಯ ಉದಾಹರಣೆ ಓದಿದ ಮೇಲೆ ನನ್ನ ಕಥೆಯನ್ನು ತೆರೆದು ನೋಡಿದೆ. ನೀವು ಹೇಳಿದ್ದೇ ನಿಜ. ನಾಯಕಿ ಯಾಕೆ ಯಾರನ್ನೂ ನಂಬುವುದಿಲ್ಲ ಅನ್ನುವುದಕ್ಕೆ ಎಲ್ಲೂ ಒಂದು ಸಾಲು ಕಾರಣ ಇಲ್ಲ, ಎಲ್ಲರಿಗೂ ಗೊತ್ತಿರುವುದೇ ಅಂತ ಹಾಗೇ ಬಿಟ್ಟಿದ್ದೇನೆ. ಆದರೆ ಒಂದು ಅನುಮಾನ. ಹೀಗೆ ಎಲ್ಲದಕ್ಕೂ ಹೊಸ ಕಾರಣ ಹುಡುಕುತ್ತಾ ಹೋದರೆ ನಾನು ಇಷ್ಟಪಟ್ಟ ಆ ಇಬ್ಬರು ಉಳಿಯುತ್ತಾರಾ? ಅವರೇ ಇಲ್ಲದಿದ್ದರೆ ಬರೆಯುವ ಹುಮ್ಮಸ್ಸು ಎಲ್ಲಿಂದ ಬರಬೇಕು?

ಮಸಿಕುಡಿಕೆ:

ಉಳಿಯುವುದಿಲ್ಲ, ಅದನ್ನು ಈಗಲೇ ಒಪ್ಪಿಕೊಂಡುಬಿಡಿ. ಆದರೆ ಅವರಲ್ಲಿ ನಿಮ್ಮನ್ನು ಹಿಡಿದಿಟ್ಟ ಒಂದು ವಿಷಯ ಇದ್ದೇ ಇರುತ್ತದೆ, ಅದು ಹೆಸರಲ್ಲಿ ಇರಲಿಲ್ಲ. ಅದೇ ಫ್ಯಾಂಡಮ್‌ನಲ್ಲಿ (ಆ ಸರಣಿಯ ಅಭಿಮಾನಿ ಬಳಗದಲ್ಲಿ) ಸಾವಿರಾರು ಜನ ಬರೆದಿದ್ದಾರೆ, ಒಬ್ಬೊಬ್ಬರು ಒಂದೊಂದನ್ನು ಹಿಡಿದಿದ್ದಾರೆ. ನಿಮ್ಮ ಹಳೆಯ ಕಥೆಗಳನ್ನೆಲ್ಲ ಒಟ್ಟಿಗೆ ಓದಿ ನೋಡಿ, ಮತ್ತೆ ಮತ್ತೆ ಯಾವ ಥರದ ದೃಶ್ಯಕ್ಕೆ ಹೋಗಿದ್ದೀರಿ ಅಂತ. ಕ್ಷಮೆ ಕೇಳಲು ಬಾರದವನಾ, ನೆರವು ಬೇಡ ಅನ್ನುವವಳಾ? ಕ್ಯಾನನ್‌ನಲ್ಲಿ ಇಲ್ಲದಿದ್ದರೂ ನೀವೇ ಸೇರಿಸಿರುವುದು ಏನು? ಅದು ನಿಮ್ಮದು. ಕಥೆಯನ್ನು ಅಲ್ಲಿಂದ ಶುರು ಮಾಡಿ, ಹಳೆಯದನ್ನು ತಿದ್ದುತ್ತೀರೋ ಹೊಸಪುಟ ಅವರು ಹೇಳಿದ ಹಾಗೆ ಹೊಸದು ಬರೆಯುತ್ತೀರೋ ಅದು ಆಮೇಲಿನ ಮಾತು.

ಮೊದಲು ಆ ನಾಯಕಿಯ ಕಾರಣ ಬರೆದು ಇಲ್ಲಿ ಹಾಕಿ. ಒಂದು ಪುಟ ಸಾಕು. ನಿಮ್ಮ ಸರಣಿಯನ್ನು ನಾನು ಓದಿಲ್ಲ, ಹಾಗಾಗಿ ಎಲ್ಲಿ ತಡವರಿಸಿದೆ ಅಂತ ನಾನೇ ಹೇಳಬಲ್ಲೆ.