ಅಡ್ಮಿನ್‌ಗೆ 10 ವರ್ಷ ಜೈಲು ಎಂಬ ಸಂದೇಶದಲ್ಲಿ ಸತ್ಯವೆಷ್ಟು?

ಸಕಲೇಶಪುರದ ಬೆಳೆಗಾರ:

ನಮ್ಮ ಹೋಬಳಿಯ ಬೆಳೆಗಾರರ ವಾಟ್ಸ್‌ಆ್ಯಪ್ ಗ್ರೂಪಿಗೆ ನಾನು ಅಡ್ಮಿನ್. ಕಾಫಿ, ಮೆಣಸಿನ ದರ, ಕೂಲಿಯಾಳುಗಳ ಲಭ್ಯತೆ, ಇವೆಲ್ಲಕ್ಕಿಂತ ಮುಖ್ಯವಾಗಿ ಕಾಡಾನೆಗಳು ಯಾವ ತೋಟದಲ್ಲಿ ಬೀಡುಬಿಟ್ಟಿವೆ ಎಂಬ ಮಾಹಿತಿ ಅದರಲ್ಲಿ ಬರುತ್ತದೆ. ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ವಿಧೇಯಕ ಅಂಗೀಕಾರವಾದಂದಿನಿಂದ ಒಂದೇ ಸಂದೇಶ ಹತ್ತಾರು ಕಡೆಯಿಂದ ಬರುತ್ತಿದೆ. ಅದರ ಸಾರಾಂಶ ಹೀಗಿದೆ: ನಾಳೆಯಿಂದ ಹೊಸ ಕಾನೂನು ಜಾರಿ, ಸದಸ್ಯರು ಏನೇ ಹಾಕಿದರೂ ಅಡ್ಮಿನ್‌ಗೆ 10 ವರ್ಷ ಜೈಲು, ಐಪಿಸಿ 153ಎ ಮತ್ತು ಐಟಿ ಕಾಯ್ದೆಯ 66ಎ ಅಡಿಯಲ್ಲಿ ವಾರಂಟ್ ಇಲ್ಲದೆ ಬಂಧನ, ಮೂರು ನೀಲಿ ಟಿಕ್ ಕಂಡರೆ ಸರ್ಕಾರ ಸಂದೇಶವನ್ನು ಓದಿದೆ ಎಂದರ್ಥ.

ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಗ್ರೂಪನ್ನು ಬದಲಿಸಿ ಎಂದು ಹಿರಿಯರು ಕೆಲವರು ಒತ್ತಾಯಿಸುತ್ತಿದ್ದಾರೆ. ಹಾಗೆ ಮಾಡಿದರೆ, ಬೆಳಗಿನ ಜಾವ ತೋಟದ ಅಂಚಿನಲ್ಲಿ ಆನೆ ಕಂಡವನು ಮೊದಲು ನನಗೆ ಫೋನ್ ಮಾಡಿ ಎಬ್ಬಿಸಬೇಕು, ಆಮೇಲೆ ನಾನು ಎಲ್ಲರಿಗೂ ತಿಳಿಸಬೇಕು. ಅಷ್ಟರಲ್ಲಿ ಕಾಫಿ ಕೊಯ್ಲಿನ ಆಳುಗಳು ತೋಟಕ್ಕೆ ಇಳಿದಿರುತ್ತಾರೆ. ಕಾನೂನು ಬಲ್ಲವರು ದಯವಿಟ್ಟು ತಿಳಿಸಿ.

ಹಾಸನದ ವಕೀಲ:

ಮಾನ್ಯರೇ, ತಾವು ಗ್ರೂಪನ್ನು ಮುಚ್ಚುವ ಅಗತ್ಯವಿಲ್ಲ. ಈ ಸಂದೇಶದಲ್ಲಿ ನಿಜದ ತುಣುಕುಗಳಿವೆ, ಆದರೆ ಅವು ಬೇರೆ ಬೇರೆ ಕಾಲದವು.

ಮೊದಲನೆಯದಾಗಿ, ಕರ್ನಾಟಕ ದ್ವೇಷ ಭಾಷಣ ಮತ್ತು ದ್ವೇಷಾಪರಾಧಗಳ ತಡೆ ವಿಧೇಯಕವು 2025ರ ಡಿಸೆಂಬರ್ 18ರಂದು ವಿಧಾನಸಭೆಯಲ್ಲಿ, ಮರುದಿನ ಪರಿಷತ್ತಿನಲ್ಲಿ ಅಂಗೀಕಾರವಾಗಿರುವುದು ನಿಜ. ಆದರೆ ಸಂವಿಧಾನದ 200ನೇ ವಿಧಿಯ ಪ್ರಕಾರ ಅಂಗೀಕಾರವಾದ ವಿಧೇಯಕ ರಾಜ್ಯಪಾಲರ ಬಳಿಗೆ ಹೋಗಬೇಕು. ಅವರು ಅಂಕಿತ ಹಾಕಬಹುದು, ಅಂಕಿತ ತಡೆಹಿಡಿದು ಮರುಪರಿಶೀಲನೆಗೆ ಹಿಂದಿರುಗಿಸಬಹುದು ಅಥವಾ ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಬಹುದು. ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾಗುವವರೆಗೆ ಅದು ವಿಧೇಯಕವೇ ಹೊರತು ಕಾಯ್ದೆಯಲ್ಲ. ದಿನಾಂಕವಿಲ್ಲದ ಸಂದೇಶದಲ್ಲಿನ ‘ನಾಳೆಯಿಂದ ಜಾರಿ’ ಎನ್ನುವುದು ಹಿಂದೆ ಹಳ್ಳಿಯ ಬಾಗಿಲುಗಳ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ಇದ್ದಂತೆ, ಯಾವ ದಿನ ಓದಿದರೂ ನಾಳೆಯೇ.

ಇನ್ನು 10 ವರ್ಷದ ಮಾತು ಪೂರ್ತಿ ಕಟ್ಟುಕಥೆಯಲ್ಲ. ಮಂಡನೆಯಾದ ಕರಡಿನಲ್ಲಿ ಅಪರಾಧ ಪುನರಾವರ್ತಿಸಿದವರಿಗೆ ಗರಿಷ್ಠ 10 ವರ್ಷ ಎಂದಿತ್ತು. ಚರ್ಚೆಗೆ ಉತ್ತರಿಸುತ್ತಾ ಗೃಹ ಸಚಿವ ಜಿ. ಪರಮೇಶ್ವರ ಅವರು ಅದನ್ನು 7ಕ್ಕೆ ಇಳಿಸುವುದಾಗಿ ಹೇಳಿದರು. ಮೊದಲ ಅಪರಾಧಕ್ಕೆ ಇರುವುದು 1ರಿಂದ 7 ವರ್ಷ ಮತ್ತು ₹50,000 ದಂಡ. ಇದು ದ್ವೇಷ ಹರಡಿದವನಿಗೆ ಹೇಳಿದ ಶಿಕ್ಷೆಯೇ ಹೊರತು ಗ್ರೂಪ್ ನಡೆಸುವವನಿಗೆ ಅಲ್ಲ.

ಇಂಟರ್ನೆಟ್, ಮೊಬೈಲ್ ಮೂಲಕ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿದೆ. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದ್ದು, ಸಮುದಾಯಗಳ ನಡುವೆ ವೈರ ಬಿತ್ತುವುದಕ್ಕೆ ಸಂಬಂಧಿಸಿದ 153ಎ ಅಲ್ಲಿ 196ನೇ ಕಲಮಾಗಿದೆ. ‘ಹೊಸ ಕಾನೂನು’ ಎನ್ನುತ್ತಾ ಹಳೆಯ ಕಲಂಗಳನ್ನು ನಮೂದಿಸಿರುವುದೇ ಈ ಸಂದೇಶ ಎಷ್ಟು ಹಳೆಯದೆಂದು ತೋರಿಸುತ್ತದೆ. ನೀಲಿ ಟಿಕ್ ಎರಡೇ ಇರುವುದು. ಮೂರನೆಯದು ವಾಟ್ಸ್‌ಆ್ಯಪಿನಲ್ಲೇ ಇಲ್ಲ.

ಅಡ್ಮಿನ್ ಹೊಣೆಗಾರಿಕೆಯ ಬಗ್ಗೆ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಮತ್ತು 2022ರಲ್ಲಿ ಕೇರಳ ಹೈಕೋರ್ಟ್, ಸದಸ್ಯನ ಪೋಸ್ಟಿಗೆ ಅಡ್ಮಿನ್ ತಾನಾಗಿಯೇ ಹೊಣೆಗಾರನಾಗುವುದಿಲ್ಲ ಎಂದಿವೆ. ನಮ್ಮ ರಾಜ್ಯದ ನ್ಯಾಯಾಲಯಗಳು ಇವಕ್ಕೆ ಕಟ್ಟುಬೀಳಬೇಕಿಲ್ಲವಾದರೂ ವಾದದಲ್ಲಿ ಇವುಗಳಿಗೆ ತೂಕವಿದೆ.

ಚಿಕ್ಕಮಗಳೂರಿನ ಉಪನ್ಯಾಸಕಿ:

ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ‘ಸುಳ್ಳು ಸುದ್ದಿ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಸಂಘ, ಸಂಸ್ಥೆಯ ಹೆಸರಿನಲ್ಲಿ ಅಪರಾಧ ನಡೆದರೆ ಅದರ ಆಡಳಿತದ ಹೊಣೆ ಹೊತ್ತವರನ್ನೂ ತಪ್ಪಿತಸ್ಥರೆಂದು ಪರಿಗಣಿಸುವ ಅಂಶ ಈ ವಿಧೇಯಕದಲ್ಲಿದೆ. ಅಡ್ಮಿನ್‌ಗಳ ಆತಂಕಕ್ಕೆ ಅದೇ ಮೂಲವಿರಬಹುದು. ಬೆಳೆಗಾರರ ಗ್ರೂಪೊಂದನ್ನು ಸಂಸ್ಥೆ ಎನ್ನಬಹುದೇ ಎಂಬುದು ವಾದಕ್ಕೆ ಅವಕಾಶವಿರುವ ಪ್ರಶ್ನೆ. ವಿಧೇಯಕದ ವಿರೋಧಿಗಳೂ ಸಮರ್ಥಕರೂ ಅದನ್ನು ಚರ್ಚಿಸಲಿ, ಆದರೆ ಮೂಲ ಪಠ್ಯವನ್ನು ಮುಂದಿಟ್ಟುಕೊಂಡು ಚರ್ಚಿಸಲಿ.

ನಮ್ಮ ಜಿಲ್ಲೆಯಲ್ಲಿ ದತ್ತ ಜಯಂತಿಯ ಸಮಯದಲ್ಲಿ ಇನ್ನೊಂದು ಬಗೆಯ ಗೊಂದಲವನ್ನು ಕಾಣುತ್ತೇವೆ. ಜಿಲ್ಲಾಧಿಕಾರಿಗಳು ನಿರ್ದಿಷ್ಟ ದಿನಗಳಿಗೆ, ನಿರ್ದಿಷ್ಟ ಪ್ರದೇಶಕ್ಕೆ ಹೊರಡಿಸುವ ಆದೇಶದ ಫೋಟೋವನ್ನು ಕತ್ತರಿಸಿ, ದಿನಾಂಕ ಮತ್ತು ವ್ಯಾಪ್ತಿಯ ಸಾಲುಗಳನ್ನು ಬಿಟ್ಟು ಹಂಚಿದರೆ, ಅದು ಇಡೀ ರಾಜ್ಯಕ್ಕೆ ಶಾಶ್ವತವಾಗಿ ಬಂದ ಕಾನೂನಿನಂತೆ ಕಾಣುತ್ತದೆ. ನಿಷೇಧಾಜ್ಞೆಗೆ ಈಗ ಆಧಾರ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಜನರ ಬಾಯಲ್ಲಿ ಅದು ಇನ್ನೂ 144 ಆಗಿಯೇ ಉಳಿದಿದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಹೊಸ ಆದೇಶದ ಪ್ರತಿಯಲ್ಲೇ 144 ಎಂದಿದ್ದರೆ ಅದು ಹಳೆಯದೋ ನಕಲಿಯೋ ಎಂದು ಅನುಮಾನಿಸಬೇಕು.

ಕೇಂದ್ರದ ಪತ್ರಿಕಾ ಮಾಹಿತಿ ಸಂಸ್ಥೆಯ (ಪಿಐಬಿ) ಫ್ಯಾಕ್ಟ್ ಚೆಕ್ ಪರಿಶೀಲಿಸುವುದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ಸುದ್ದಿಗಳನ್ನು. ರಾಜ್ಯದ ವಿಧೇಯಕಕ್ಕೆ ವಿಧಾನಮಂಡಲದ ಜಾಲತಾಣ ಮತ್ತು ರಾಜ್ಯಪತ್ರವನ್ನೇ ನೋಡಬೇಕು. ಸರ್ಕಾರವೇ ತನ್ನ ಕುರಿತ ಸುದ್ದಿಯ ಸತ್ಯಾಸತ್ಯಕ್ಕೆ ಅಂತಿಮ ತೀರ್ಪುಗಾರನಾಗುವ ಐಟಿ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿದ್ದು ನನ್ನ ದೃಷ್ಟಿಯಲ್ಲಿ ಸರಿಯಾಗಿಯೇ ಇದೆ.

ಮೂಡಿಗೆರೆಯ ಓದುಗ:

ತೀರ್ಪುಗಳೆಲ್ಲ ಸರಿ ಸ್ವಾಮಿ. ಆದರೆ ಠಾಣೆಗೆ ಕರೆಸಿ ದಿನವಿಡೀ ಕೂರಿಸಿದರೆ, ಮೊಬೈಲ್ ವಶಕ್ಕೆ ಪಡೆದರೆ ನಾಗಪುರ ಪೀಠದ ತೀರ್ಪು ಯಾರ ಉಪಯೋಗಕ್ಕೆ ಬರುತ್ತದೆ? ಸಾಮಾನ್ಯನಿಗೆ ಎಫ್‌ಐಆರ್ ಆಗುವುದೇ ಅರ್ಧ ಶಿಕ್ಷೆ.

ಹಾಸನದ ವಕೀಲ:

ತಮ್ಮ ಮಾತನ್ನು ತಳ್ಳಿಹಾಕಲಾರೆ. 196ನೇ ಕಲಂ ಜಾಮೀನು ರಹಿತ, ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ. ಸಂದೇಶದ ಆ ಭಾಗದಲ್ಲಿ ಹುರುಳಿದೆ. ದ್ವೇಷ ಭಾಷಣದ ವಿರುದ್ಧ ದೂರಿಗೆ ಕಾಯದೆ ಪ್ರಕರಣ ದಾಖಲಿಸಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಹಾಗೆಂದು ಎಫ್‌ಐಆರ್ ಹಾಕುವುದಕ್ಕೆ ಲಂಗುಲಗಾಮಿಲ್ಲ ಎಂದಲ್ಲ. ಅದೇ ಕೋರ್ಟಿನ 2025ರ ಮಾರ್ಚಿನ ಇಮ್ರಾನ್ ಪ್ರತಾಪ್‌ಗಢಿ ತೀರ್ಪಿನ ಪ್ರಕಾರ, 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯುಳ್ಳ ಮಾತು, ಬರಹದ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮೊದಲು ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಅಡಿ ಡಿವೈಎಸ್‌ಪಿ ಅನುಮತಿಯೊಂದಿಗೆ 14 ದಿನಗಳೊಳಗಿನ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ. ಇದಲ್ಲದೆ, ಸರ್ಕಾರದ ಪೂರ್ವಾನುಮತಿಯಿಲ್ಲದೆ 196ರಡಿ ನ್ಯಾಯಾಲಯ ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಳ್ಳುವಂತಿಲ್ಲ. ಎರಡು ಸಮುದಾಯಗಳ ನಡುವೆ ವೈರ ಬಿತ್ತುವ ಉದ್ದೇಶ ಸಾಬೀತಾಗಬೇಕು ಎಂಬುದನ್ನು 1997ರ ಬಿಲಾಲ್ ಅಹ್ಮದ್ ಕಾಲೂ ತೀರ್ಪಿನಿಂದಲೂ ಹೇಳುತ್ತಾ ಬರಲಾಗಿದೆ.

ಸಕಲೇಶಪುರದ ಬೆಳೆಗಾರ:

ಎಲ್ಲರಿಗೂ ಧನ್ಯವಾದಗಳು. ಗ್ರೂಪ್ ಈಗಿರುವಂತೆಯೇ ಮುಂದುವರಿಯುತ್ತದೆ. ಇನ್ನೊಂದು ಸಂಶಯ: ಸದಸ್ಯರೊಬ್ಬರು ಎಲ್ಲಿಯದೋ ಗಲಭೆಯ ವಿಡಿಯೊವನ್ನು ನಮ್ಮ ತಾಲ್ಲೂಕಿನದೆಂದು ಹಾಕಿದ್ದಾರೆ. ಕೇಳಿದರೆ ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ’ ಎನ್ನುತ್ತಾರೆ.

ಹಾಸನದ ವಕೀಲ:

ಆ ಸಮಜಾಯಿಷಿ ನಿಲ್ಲುವುದು ಕಷ್ಟ. ಫೇಸ್‌ಬುಕ್ಕಿನಲ್ಲಿ ಇತರರ ಬರಹವನ್ನು ಹಂಚಿಕೊಂಡಿದ್ದ ಮಾಜಿ ಶಾಸಕರೊಬ್ಬರ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2023ರಲ್ಲಿ ಇದೇ ವಾದವನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟೂ ಮಧ್ಯಪ್ರವೇಶಿಸಲಿಲ್ಲ. ಅಡ್ಮಿನ್ ಆಗಿ ಆ ವಿಡಿಯೊವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅವಕಾಶ ತಮಗಿದೆ. ಅಳಿಸುವ ಮುನ್ನ ಯಾರು, ಯಾವಾಗ ಹಾಕಿದರು ಎಂಬುದು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ವಿಡಿಯೊ ನಮ್ಮ ತಾಲ್ಲೂಕಿನದಲ್ಲ ಎಂದು ಗ್ರೂಪಿನಲ್ಲೇ ಒಂದು ಸಾಲು ಬರೆಯಿರಿ; ವಿಡಿಯೊವನ್ನು ಮತ್ತೆ ಲಗತ್ತಿಸಬೇಡಿ.